ಲೆಕ್ಕ ನೋಡಬೇಕಾದದ್ದು ಋತುವಿಗೆ ಮೊದಲು



ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಇಂದು ನಮ್ಮ ಮನೆಮನೆಗಳಲ್ಲೂ ಪ್ರಸಾರವಾಗುತ್ತದೆ. ಯಾವ ಆಟಗಾರ ಎಷ್ಟು ಕೋಟಿಗೆ ಯಾವ ಕ್ಲಬ್ ಸೇರಿದ ಎಂಬುದು ನಮ್ಮ ಹುಡುಗರಿಗೆ ಬಾಯಿಪಾಠ. ಆ ಹಣ ಎಲ್ಲಿಂದ ಬಂತು, ಕೊಡುವ ಕೈ ಹಿಂದೆ ಸರಿದರೆ ಕ್ಲಬ್ಬಿನ ಗತಿಯೇನು ಎಂಬುದನ್ನು ಮಾತ್ರ ನಾವು ಬರೆಯುವುದು ಕಡಿಮೆ. ಇವತ್ತಿನ ನನ್ನ ಮಾತು ಅದರ ಬಗ್ಗೆಯೇ.

ಮ್ಯಾಂಚೆಸ್ಟರ್‌ನ ಉತ್ತರಕ್ಕೆ ಬೆರಿ ಎಂಬ ಊರಿದೆ. ಅಲ್ಲಿನ ಕ್ಲಬ್ ಹುಟ್ಟಿದ್ದು 1885ರಲ್ಲಿ. 1903ರ ಎಫ್‌ಎ ಕಪ್ ಫೈನಲ್‌ನಲ್ಲಿ ಅದು ಡರ್ಬಿ ಕೌಂಟಿಯನ್ನು 6–0ಯಿಂದ ಮಣಿಸಿತ್ತು. ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಮತ್ತೆ ಕಂಡದ್ದು 2019ರ ಮೇ ತಿಂಗಳಲ್ಲಿ, ಮ್ಯಾಂಚೆಸ್ಟರ್ ಸಿಟಿಯಿಂದ. ಅದಾಗಿ ಮೂರೇ ತಿಂಗಳಿಗೆ, ಆಗಸ್ಟ್ 27ರಂದು, ಬೆರಿ ಕ್ಲಬ್ಬನ್ನು ಲೀಗ್‌ನಿಂದ ಹೊರಹಾಕಲಾಯಿತು. ಅದಕ್ಕೂ ಎಂಟು ತಿಂಗಳ ಹಿಂದೆ ಆ ಕ್ಲಬ್ ಕೈ ಬದಲಾಯಿಸಿದ್ದು ಒಂದು ಪೌಂಡ್ ಬೆಲೆಗೆ. ಸಾಲ ತೀರಿಸುವಷ್ಟು, ಸಂಬಳ ಕೊಡುವಷ್ಟು ಹಣ ಹೊಸ ಮಾಲೀಕರ ಬಳಿ ಇದೆಯೇ ಎಂಬುದಕ್ಕೆ ಪುರಾವೆ ಕೈಸೇರುವ ಮೊದಲೇ ಮಾರಾಟ ಮುಗಿದುಹೋಗಿತ್ತು.

ಬೆರಿ ಕೆಳ ದರ್ಜೆಯ ಕ್ಲಬ್ ಎಂದು ಯಾರಾದರೂ ಹೇಳಿದರೆ ಪೋರ್ಟ್ಸ್‌ಮತ್ ಇದೆ. 2008ರಲ್ಲಿ ಎಫ್‌ಎ ಕಪ್ ಎತ್ತಿದ ತಂಡ ಅದು. 2010ರ ಫೆಬ್ರುವರಿಯಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಯ ಕೈಗೆ ಹೋಯಿತು. ಪ್ರೀಮಿಯರ್ ಲೀಗ್‌ನಲ್ಲಿರುವಾಗಲೇ ಆ ಸ್ಥಿತಿಗೆ ಇಳಿದ ಮೊದಲ ಕ್ಲಬ್. ಒಂಬತ್ತು ಅಂಕ ಕಡಿತವಾಯಿತು. 2013ರ ಹೊತ್ತಿಗೆ ನಾಲ್ಕನೇ ದರ್ಜೆಗೆ ಜಾರಿತ್ತು. ಕೊನೆಗೆ ಅಭಿಮಾನಿಗಳೇ ಟ್ರಸ್ಟ್ ಕಟ್ಟಿಕೊಂಡು, ಹಣ ಕೂಡಿಸಿ ಅದನ್ನು ಉಳಿಸಿಕೊಂಡರು.

ಎರಡೂ ಕಡೆ ನಿಯಮವಿತ್ತು, ಶಿಕ್ಷೆಯೂ ಆಯಿತು. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನಾನು ಇವತ್ತು ವಾದಿಸುವುದು ಇಷ್ಟನ್ನೇ: ಕ್ಲಬ್ಬಿನ ಲೆಕ್ಕವನ್ನು ಖರ್ಚಿಗೆ ಮೊದಲು ನೋಡಬೇಕು. ಆಮೇಲೆ ನೋಡಿ ಅಂಕ ಕತ್ತರಿಸುವುದರಿಂದ ಕ್ಲಬ್ ಉಳಿಯುವುದಿಲ್ಲ.

ಪ್ರೀಮಿಯರ್ ಲೀಗ್ 2013ರಲ್ಲಿ ತಂದ ನಿಯಮದ ಪ್ರಕಾರ, ಮೂರು ವರ್ಷಗಳಲ್ಲಿ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರುವಂತಿಲ್ಲ. ಅಕಾಡೆಮಿ, ಮಹಿಳಾ ತಂಡ, ಕ್ರೀಡಾಂಗಣ ಇವುಗಳ ಮೇಲಿನ ವೆಚ್ಚ ಲೆಕ್ಕಕ್ಕಿಲ್ಲ. ಅದು ಒಳ್ಳೆಯದೇ. ತೊಡಕಿರುವುದು ಆಟಗಾರರ ಲೆಕ್ಕದಲ್ಲಿ. ಹತ್ತು ಕೋಟಿ ಕೊಟ್ಟು ಐದು ವರ್ಷದ ಒಪ್ಪಂದಕ್ಕೆ ಒಬ್ಬನನ್ನು ತಂದರೆ, ಪುಸ್ತಕದಲ್ಲಿ ವರ್ಷಕ್ಕೆ ಎರಡು ಕೋಟಿಯಂತೆ ಖರ್ಚು ಬರೆಯುತ್ತಾರೆ. ಮಾರಿದರೆ ಬಂದ ಲಾಭವನ್ನು ಅದೇ ವರ್ಷ ಪೂರ್ತಿ ಬರೆಯಬಹುದು. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ಜೂನ್ 30ಕ್ಕೆ ಲೆಕ್ಕ ಮುಗಿಯುವ ಮುನ್ನ ಕ್ಲಬ್‌ಗಳ ಕಣ್ಣು ಮೊದಲು ಬೀಳುವುದು ಮನೆಯ ಮಕ್ಕಳ ಮೇಲೆ. ನ್ಯೂಕಾಸಲ್ ತನ್ನದೇ ಸೀಮೆಯ, ಬಾಲ್ಯದಿಂದ ತನ್ನ ಅಕಾಡೆಮಿಯಲ್ಲೇ ಬೆಳೆದ ಎಲಿಯಟ್ ಆಂಡರ್ಸನ್‌ನನ್ನು 2024ರ ಜೂನ್ ಕೊನೆಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಿಟ್ಟುಕೊಟ್ಟಿತು. ಮುಂದೆ ಅವನು ಇಂಗ್ಲೆಂಡ್ ತಂಡಕ್ಕೆ ಆಡಿದ. ಊರಿನ ಹುಡುಗರನ್ನು ಬೆಳೆಸಿ ಎನ್ನುವ ನಿಯಮವೇ ಅವರನ್ನು ಮೊದಲು ಮಾರಿಸುತ್ತದೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಆಂಡರ್ಸನ್‌ನನ್ನು ಕೊಂಡ ಫಾರೆಸ್ಟ್ ಕೂಡ ಅದಕ್ಕೆ ಮೊದಲೇ ಈ ಬಿಸಿ ಉಂಡಿತ್ತು. ಕೆಳ ದರ್ಜೆಯಲ್ಲಿ ಎರಡು ವರ್ಷ ಕಳೆದಿದ್ದರಿಂದ ಅದಕ್ಕೆ ಇದ್ದ ಮಿತಿ 6.1 ಕೋಟಿ ಪೌಂಡ್ ಮಾತ್ರ. ಹಿಂದಿನ ವರ್ಷ ತನ್ನ ಅಕಾಡೆಮಿಯ ಬ್ರೆನನ್ ಜಾನ್ಸನ್‌ನನ್ನು ಜೂನ್‌ನೊಳಗೆ ಅಗ್ಗಕ್ಕೆ ಮಾರದೆ ಕಾದು, ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ 4.75 ಕೋಟಿ ಪೌಂಡ್‌ನ ಆಸುಪಾಸಿಗೆ ಮಾರಿತು. ಹೆಚ್ಚು ಹಣ ತಂದದ್ದು ಕ್ಲಬ್ಬಿನ ಹಿತಕ್ಕೇ ಎಂದು ವಾದಿಸಿತು. ವಿಚಾರಣಾ ಆಯೋಗ ಒಪ್ಪಲಿಲ್ಲ; ಗಡುವು ಗಡುವೇ. 3.45 ಕೋಟಿ ಮಿತಿ ಮೀರಿದ್ದಕ್ಕೆ ನಾಲ್ಕು ಅಂಕ ಹೋಯಿತು. ಅದೇ ಋತುವಿನಲ್ಲಿ ಎವರ್ಟನ್‌ಗೆ ಮೊದಲು ಹತ್ತು ಅಂಕ ಕಡಿತ, ಮೇಲ್ಮನವಿಯಲ್ಲಿ ಅದು ಆರಕ್ಕಿಳಿಯಿತು, ಆಮೇಲೆ ಮತ್ತೆ ಎರಡು. ಅಂಕಪಟ್ಟಿಯನ್ನು ಕ್ರೀಡಾಂಗಣದಲ್ಲಿ ಬರೆಯಬೇಕೋ ವಕೀಲರ ಕೊಠಡಿಯಲ್ಲೋ? ಖರ್ಚು ಮಾಡಿದವರು ಗಣ್ಯರ ಆಸನದಲ್ಲಿದ್ದರು, ಪೆಟ್ಟು ತಿಂದವರು ಗ್ಯಾಲರಿಯಲ್ಲಿದ್ದರು.

ಸ್ಪೇನ್‌ನ ದಾರಿ ಬೇರೆ. ಲಾ ಲೀಗಾ ಪ್ರತಿ ಕ್ಲಬ್ಬಿಗೂ ವೇತನದ ಮಿತಿಯನ್ನು ಮುಂಚಿತವಾಗಿಯೇ ಗೊತ್ತುಮಾಡುತ್ತದೆ. ಮಿತಿ ಮೀರಿದರೆ ಆಟಗಾರನ ನೋಂದಣಿಯೇ ಆಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಲಯೊನೆಲ್ ಮೆಸ್ಸಿ ಕಣ್ಣೀರಿಡುತ್ತಾ ಬಾರ್ಸಿಲೋನಾ ಬಿಟ್ಟದ್ದು ಇದೇ ಕಾರಣಕ್ಕೆ. ಕ್ಲಬ್ಬಿನ ಸಾಲ 135 ಕೋಟಿ ಯೂರೊ ಎಂದು ಅಧ್ಯಕ್ಷ ಲಪೋರ್ತಾ ಆಗಲೇ ಹೇಳಿದರು. ಜಗತ್ತು ನಿಯಮವನ್ನು ಬೈದಿತು. ನಾನು ನಿಯಮದ ಪರ. ಒಬ್ಬ ಮಹಾನ್ ಆಟಗಾರ ಬೇರೆ ಅಂಗಿ ತೊಟ್ಟರೆ ನೋವಾಗುತ್ತದೆ, ಆದರೆ ಕ್ಲಬ್ ಉಳಿಯುತ್ತದೆ. ಅಲ್ಲೂ ನುಸುಳುವ ದಾರಿ ಇಲ್ಲದಿಲ್ಲ: ಮರುವರ್ಷವೇ ಬಾರ್ಸಿಲೋನಾ ತನ್ನ ಲೀಗ್ ಟಿವಿ ಆದಾಯದ ಶೇ 25ರಷ್ಟನ್ನು 25 ವರ್ಷಗಳಿಗೆ ಮಾರಿ ಹಣ ತಂದಿತು. ಮುಂದಿನ ತಲೆಮಾರಿನ ಅನ್ನವನ್ನು ಇವತ್ತೇ ಉಣ್ಣುವ ಇಂಥ ವ್ಯವಹಾರಕ್ಕೂ ಕಡಿವಾಣ ಬೇಕು.

ಸಿರಿವಂತ ತನ್ನ ಹಣ ಸುರಿದರೆ ನಿಮಗೇನು, ಆದಾಯಕ್ಕೆ ಕಟ್ಟಿದ ಮಿತಿಯಿಂದ ದೊಡ್ಡ ಕ್ಲಬ್‌ಗಳು ಸದಾ ದೊಡ್ಡವಾಗಿಯೇ ಉಳಿಯುತ್ತವಲ್ಲ ಎಂದು ಕೇಳುವವರಿದ್ದಾರೆ. ಎರಡನೆಯ ಮಾತಿನಲ್ಲಿ ಸತ್ಯವಿದೆ. ಅದಕ್ಕೆ ನನ್ನ ಉತ್ತರ: ಸುರಿಯಲಿ, ಆದರೆ ಸಾಲವಾಗಿ ಬೇಡ. ತಾನು ತಂದ ಆಟಗಾರನ ಒಪ್ಪಂದ ಮುಗಿಯುವವರೆಗಿನ ಅಷ್ಟೂ ವೇತನವನ್ನು ಮೊದಲೇ ಠೇವಣಿ ಇಡಲಿ. ನಾಳೆ ಆ ಸಿರಿವಂತ ಎದ್ದು ಹೋದರೂ ಹುಲ್ಲು ಕತ್ತರಿಸುವವನ ಸಂಬಳ ನಿಲ್ಲಬಾರದು.

ಈಗ ಬದಲಾವಣೆಯ ಗಾಳಿ ಇದೆ. 2025ರ ನವೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಹಳೆಯ ನಷ್ಟದ ಲೆಕ್ಕ ಬಿಟ್ಟು, ತಂಡದ ವೆಚ್ಚ ಆದಾಯದ ಶೇ 85 ಮೀರಬಾರದು ಎಂಬ ನಿಯಮವನ್ನು 2026–27ರ ಋತುವಿನಿಂದ ತರಲು ಮತ ಹಾಕಿದವು. ಯುರೋಪಿನ ಟೂರ್ನಿಗಳಿಗೆ ಯುಇಎಫ್‌ಎ ಇಟ್ಟಿರುವ ಮಿತಿ ಶೇ 70. ಕೈಯಲ್ಲಿ ಎಷ್ಟು ನಗದಿದೆ ಎಂದು ನೋಡುವ ಪರೀಕ್ಷೆಗಳಿಗೂ ಕ್ಲಬ್‌ಗಳು ಒಪ್ಪಿವೆ. ಶೇಕಡಾವಾರಿಗಿಂತ ನನಗೆ ಮುಖ್ಯವೆನಿಸಿದ್ದು ಇದೇ. ಜತೆಗೆ, 2025ರ ಜುಲೈನಲ್ಲಿ ಬ್ರಿಟನ್ನಿನ ಸಂಸತ್ತು ಕಾನೂನು ಮಾಡಿ ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ಸ್ಥಾಪಿಸಿದೆ. ಇಂಗ್ಲೆಂಡಿನ ಮೇಲಿನ ಐದು ದರ್ಜೆಗಳ ಕ್ಲಬ್‌ಗಳು ಅದರಿಂದ ಪರವಾನಗಿ ಪಡೆಯಬೇಕು, ಅದರ ಒಪ್ಪಿಗೆಯಿಲ್ಲದೆ ಕ್ರೀಡಾಂಗಣ ಮಾರುವಂತಿಲ್ಲ.

ದೂರದ ಮಾತು ಎಂದು ದಯವಿಟ್ಟು ತಿಳಿಯಬೇಡಿ. 2025ರ ಆಗಸ್ಟ್‌ನಲ್ಲಿ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಯುವುದೇ ಅನುಮಾನವಾದಾಗ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಲೀಗ್‌ನ ಒಂದು ಒಪ್ಪಂದ ನವೀಕರಣವಾಗದಿದ್ದರೆ ಸಂಬಳವೇ ನಿಲ್ಲುವಷ್ಟು ತೆಳುವಾದ ಆಧಾರದ ಮೇಲೆ ನಮ್ಮ ವೃತ್ತಿಪರ ಫುಟ್‌ಬಾಲ್ ನಿಂತಿದೆ.

ಈ ಸಮಾವೇಶದ ಮಧ್ಯಾಹ್ನದ ಗೋಷ್ಠಿಯಲ್ಲಿ ಪರವಾನಗಿ ನಿಯಮಗಳ ಚರ್ಚೆಯಿದೆ. ಪಂದ್ಯ ಶುರುವಾಗುವ ಮುನ್ನವೇ ಒಂದು ಪೂರ್ಣ ಋತುವಿನ ಸಂಬಳದ ಠೇವಣಿ ಕಡ್ಡಾಯ ಎಂಬ ಷರತ್ತನ್ನು ನಮ್ಮ ಲೀಗ್‌ಗಳಿಗೂ ಕೇಳುವ ನಿರ್ಣಯವೊಂದನ್ನು ಗೋಷ್ಠಿಯ ಮುಂದಿಡುತ್ತಿದ್ದೇನೆ. ದಯವಿಟ್ಟು ಅದನ್ನು ಸಾಲು ಸಾಲಾಗಿ ಓದಿ, ತಿದ್ದಿ, ಮತ ಹಾಕಿ.