ಪಬ್ಜಿ, ಫೌಜಿ ಮತ್ತು ಸುರಪುರದ ದೊರೆ

ಮೊನ್ನೆ ಯಾದಗಿರಿಯಿಂದ ಶಹಾಪುರ ದಾಟಿ ಸುರಪುರಕ್ಕೆ ಹೋಗಿದ್ದೆ. ಚಹಾ ಅಂಗಡಿ ಕಟ್ಟೆ ಮೇಲೆ ನಾಲ್ಕು ಹುಡುಗರು. ಕೈಯಲ್ಲಿ ಮೊಬೈಲು, ಬಾಯಲ್ಲಿ ಬರೀ 'ಎನಿಮಿ, ಎನಿಮಿ'. ಒಬ್ಬ ನನ್ನ ಗುರುತು ಹಿಡಿದ. 'ಸರ, ಈ ಗೇಮ್ ಆಡಾವ್ರು ದೇಶದ್ರೋಹಿಗೋಳು ಅಂತ ಟೀವ್ಯಾಗ ನೀವೇ ಅಂದಿದ್ರಲ್ರೀ?'

ಅಂದಿದ್ದೆ. ಸುಳ್ಳು ಹೇಳಲಾರೆ.

2020ರ ಜೂನ್ 15. ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಹುತಾತ್ಮರಾದರು. ಸೆಪ್ಟೆಂಬರ್ 2ಕ್ಕೆ ಪಬ್ಜಿ ಸೇರಿ 118 ಆ್ಯಪ್‌ಗಳ ನಿಷೇಧ ಆಯ್ತು. ಎರಡೇ ದಿನಕ್ಕೆ ಅಕ್ಷಯ್ ಕುಮಾರ್ 'ಫೌಜಿ' ಅನ್ನೋ ಆಟ ಘೋಷಿಸಿದರು. ಮಾಡಿದ್ದು ನಮ್ಮ ಬೆಂಗಳೂರಿನದೇ ಕಂಪನಿ. ನಿವ್ವಳ ಆದಾಯದಲ್ಲಿ ಶೇ. 20 'ಭಾರತ್ ಕೆ ವೀರ್' ನಿಧಿಗೆ. 2021ರ ಗಣರಾಜ್ಯೋತ್ಸವಕ್ಕೆ ಬಿಡುಗಡೆಯೂ ಆಯ್ತು. ಆದರೆ ಶುರುವಿನಲ್ಲಿ ಅದರಲ್ಲಿ ಬಂದೂಕೇ ಇರಲಿಲ್ಲ, ಬರೀ ಕೈ ಕೈ ಹೊಡೆದಾಟ. ಹುಡುಗರು ಆಡಿ ನೋಡಿದರು, ಮಜಾ ಬರಲಿಲ್ಲ ಅಂದರು, ರೇಟಿಂಗ್ ಇಳಿಸಿದರು. ಇಳಿಸಿದವರಿಗೂ ದ್ರೋಹಿ ಪಟ್ಟ! ಅಷ್ಟರಲ್ಲಿ ಜುಲೈ 2ಕ್ಕೆ ಕೊರಿಯಾದ ಕ್ರಾಫ್ಟನ್ ಅದೇ ಪಬ್ಜಿಗೆ 'ಇಂಡಿಯಾ' ಅಂತ ಹೆಸರಿಟ್ಟು, ರಕ್ತಕ್ಕೆ ಹಸಿರು ಬಣ್ಣ ಹಚ್ಚಿ ವಾಪಸ್ ತಂದಿತು. 2022ರ ಜುಲೈನಲ್ಲಿ ಅದನ್ನೂ ತೆಗೆಸಿದರು, 2023ರ ಮೇನಲ್ಲಿ ಮತ್ತೆ ಬಂತು. ಅಂದ್ರೆ ಈ ಹುಡುಗ ಕಟ್ಟೆ ಬಿಟ್ಟು ಏಳದೆಯೇ ಎರಡು ಸಲ ದ್ರೋಹಿಯಾಗಿ ಎರಡು ಸಲ ದೇಶಭಕ್ತನಾದ. ಪ್ಯಾನೆಲ್‌ನಲ್ಲಿ ಕೂಗಾಡಿದ ನಾವು?

ಅದಿರಲಿ. ನಾನು ಕೇಳಿದೆ, 'ನಿಮ್ಮ ಊರಿನದ್ದೇ ಗೇಮ್ ಮಾಡಿದ್ರೆ?' ಹುಡುಗರ ಕಣ್ಣು ಅರಳಿತು. ಔರಂಗಜೇಬ ಖುದ್ದು ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಇಲ್ಲೇ ವಾಗಿನಗೇರಾದಲ್ಲಿ. ಎದುರು ನಿಂತವರು ಬೇಡರು. ಬೇಕಾದಷ್ಟು ಗುಂಡು, ಕೋಟೆ, ಗುಡ್ಡ.

'1857ರ ರಾಜಾ ವೆಂಕಟಪ್ಪ ನಾಯಕರದು ಮಾಡ್ರೀ' ಅಂದ ಇನ್ನೊಬ್ಬ. ಅಲ್ಲಿಗೆ ಆಟ ಕಷ್ಟವಾಗುತ್ತೆ ನೋಡಿ. ದೊರೆಯನ್ನ ಬಾಲಕನಿದ್ದಾಗಿನಿಂದ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಹುಡುಗ ಅವನನ್ನ ಕರೀತಿದ್ದದ್ದು 'ಅಪ್ಪಾ' ಅಂತ. ಮುಂದೆ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದ, ಸಿಕ್ಕಿಬಿದ್ದ. ಜೈಲಿನಲ್ಲಿ ಟೇಲರ್ ಬಂದು ಮಾತಾಡಿಸಿದ. ಜೊತೆಗಾರರ ಹೆಸರು ಹೇಳಲು ದೊರೆ ಒಪ್ಪಲಿಲ್ಲ. ಇದನ್ನ ಟೇಲರ್ ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿಟ್ಟಿದ್ದಾನೆ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆ ಆಯ್ತು. 1858ರಲ್ಲಿ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ದೊರೆಯ ಪ್ರಾಣ ಹೋಯ್ತು. ಟೇಲರ್ ಬಂಗಲೆ ಈಗಲೂ ಗುಡ್ಡದ ಮೇಲಿದೆ.

'ಹಂಗಾರ ಟೇಲರ್ ಎನಿಮಿ ಹೌದೋ ಅಲ್ಲೋ ಸರ?'

ಸ್ಟುಡಿಯೋದಲ್ಲಿ ಆಗಿದ್ರೆ ಮೂರು ಸೆಕೆಂಡಿಗೆ ಹೇಳಿಬಿಡ್ತಿದ್ದೆ. ಅಲ್ಲಿ ಚಹಾ ಆರುತ್ತಿತ್ತು, ನಾಲ್ವರೂ ನನ್ನ ಮುಖವನ್ನೇ ನೋಡ್ತಿದ್ದರು. 'ನೀವೇ ಬಂಗಲೆ ತೋರಿಸ್ಕೊಂಡು ಬರ್ರಿ, ಮಾತಾಡೋಣ' ಅಂದೆ. ಮೊಬೈಲ್ ಜೇಬಿಗಿಟ್ಟು ಎದ್ದರು.