ಪರದೆಯ ಹಿಂದಿನ ದನಿ

ಹುಸಿ ಕಲೆಯನ್ನು ನೇರವಾಗಿ ಖಂಡಿಸದೆ, ಅದರ ಸೋಗನ್ನೇ ಅದಕ್ಕೆ ಎದುರು ಹಿಡಿದು ನಗಿಸುವ ವ್ಯಂಗ್ಯಕ್ಕೆ, ಅಂದರೆ ಹೇಳುವುದೊಂದು, ಧ್ವನಿಸುವುದು ಇನ್ನೊಂದು ಆಗುವ ಬಗೆಗೆ, 1952ರ ‘ಸಿಂಗಿನ್ ಇನ್ ದ ರೇನ್’ ಚಿತ್ರ ಸೊಗಸಾದ ನಿದರ್ಶನ. ಮೂಕಿಚಿತ್ರಗಳು ಮಾತು ಕಲಿಯುತ್ತಿದ್ದ 1927ರ ಹಾಲಿವುಡ್ಡಿನಲ್ಲಿ, ಕೀರಲು ದನಿಯ ತಾರೆ ಲೀನಾಳಿಗೆ ಹೊಸಬಳಾದ ಕ್ಯಾಥಿ ಮರೆಯಲ್ಲಿದ್ದು ಕಂಠದಾನ ಮಾಡುತ್ತಾಳೆ. ಕೊನೆಗೆ ಲೀನಾ ವೇದಿಕೆಯ ಮೇಲೆ ತುಟಿಯಾಡಿಸುತ್ತಿರುವಾಗಲೇ ಹಿಂದಿನ ಪರದೆ ಮೇಲೇರಿ, ಹಾಡುತ್ತಿರುವವಳು ಯಾರೆಂಬುದು ತುಂಬಿದ ಸಭೆಗೆ ಬಯಲಾಗುತ್ತದೆ. ಇದಕ್ಕಿಂತ ರುಚಿಕರವಾದ ಸಂಗತಿ ಚಿತ್ರೀಕರಣದ ಕಥೆಯಲ್ಲಿದೆ: ಲೀನಾಳ ಸಂಭಾಷಣೆಗೆ ಕ್ಯಾಥಿ ದನಿ ಕೊಡುವಂತೆ ಕಾಣುವ ದೃಶ್ಯದಲ್ಲಿ ಕೇಳಿಬರುವುದು ಲೀನಾ ಪಾತ್ರಧಾರಿ ಜೀನ್ ಹೇಗನ್ ಅವರ ಸಹಜ ದನಿಯೇ. ಎರವಲು ಕಂಠವನ್ನು ಹಂಗಿಸಿದ ಚಿತ್ರ, ನೋಡುಗರ ಗಮನಕ್ಕೆ ಬಾರದಂತೆ, ತಾನೂ ಅದೇ ಕೈಚಳಕವನ್ನು ನೆಚ್ಚಿಕೊಂಡಿತ್ತು.