ಜೋನಿಬೆಲ್ಲದಂಥ ಸೀರಂ

ನಾನೊಬ್ಬ ಲ್ಯಾಬ್ ಟೆಕ್ನಿಷಿಯನ್. ದಿನಾ ನೂರಾರು ರಕ್ತದ ಟ್ಯೂಬ್ ನನ್ನ ಕೈ ದಾಟಿ ಹೋಗುತ್ತವೆ, ಯಾವುದೂ ನೆನಪಲ್ಲಿ ಉಳಿಯಲ್ಲ. ಒಂದು ಮಾತ್ರ ಉಳಿದಿದೆ. ಪೈಪೆಟ್‌ನಲ್ಲಿ ಎಳೆದರೆ ಸೀರಂ ಸರಾಗ ಏರಬೇಕು ತಾನೇ? ಇದು ಜೋನಿಬೆಲ್ಲದ ಹಾಗೆ ತುದಿಗೇ ಅಂಟ್ಕೊಂಡಿತ್ತು. ಮಷೀನ್ ಎರಡು ಸಲ ಎರರ್ ಕೊಡ್ತು. ಸ್ಯಾಂಪಲ್ ಸರಿಯಿಲ್ಲ ಅಂತ ಬರೆದು ವಾಪಸ್ ಕಳಿಸೋದ್ರಲ್ಲಿದ್ದೆ. ಸೀನಿಯರ್ ಮೇಡಂ ತಡೆದ್ರು. "ಚೀಟಿ ಓದಿದ್ಯಾ?" ಅಂದ್ರು. ಓದಿರಲಿಲ್ಲ. ತಲೆನೋವು, ಮೂಗಲ್ಲಿ ರಕ್ತ, ಕಣ್ಣು ಮಂಜು ಅಂತಿತ್ತು.

1944ರಲ್ಲಿ ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರಾಮ್ ಇಂಥದೇ ಇಬ್ಬರು ರೋಗಿಗಳ ಬಗ್ಗೆ ಬರೆದಿದ್ದರು. ಮೂಗು, ಬಾಯಲ್ಲಿ ರಕ್ತ ಸೋರುತ್ತಿತ್ತು, ದುಗ್ಧಗ್ರಂಥಿಗಳು ಊದಿದ್ದವು. ಮಯಲೋಮಾ ಅನ್ನೋಣ ಅಂದ್ರೆ ಮೂಳೆ ಸವೆದಿರಲಿಲ್ಲ. ಸೀರಂ ಮಾತ್ರ ವಿಪರೀತ ಮಂದ. ಉಪ್ಸಲಾದಲ್ಲಿ ಆಗ ಸ್ವೆಡ್‌ಬರ್ಗ್ ರೂಪಿಸಿದ ಅಲ್ಟ್ರಾಸೆಂಟ್ರಿಫ್ಯೂಜ್ ಇತ್ತು. ಭಾರೀ ವೇಗದಲ್ಲಿ ತಿರುಗಿಸಿದ್ರೆ ದೊಡ್ಡ ಅಣು ಬೇಗ ತಳಕ್ಕಿಳಿಯುತ್ತೆ, ಚಿಕ್ಕದು ನಿಧಾನ. ಅದರಲ್ಲಿ ಸಿಕ್ಕ ಪ್ರೋಟೀನಿನ ತೂಕ ಸುಮಾರು 10 ಲಕ್ಷ ಡಾಲ್ಟನ್! ನಮ್ಮ ರಕ್ತದಲ್ಲಿ ಅತಿ ಹೆಚ್ಚಿರುವ ಐಜಿಜಿ ಪ್ರತಿಕಾಯದ್ದು ಬರೀ ಒಂದೂವರೆ ಲಕ್ಷ.

ಆ ದೈತ್ಯನಿಗೆ ಈಗ ಐಜಿಎಂ ಅಂತೀವಿ. ಅದು ಕೆಟ್ಟದ್ದೇನಲ್ಲ, ಸೋಂಕು ಬಂದಾಗ ಮೊದಲು ಓಡಿ ಬರೋದೇ ಅದು. ಆದರೆ ಒಂದು ಬಿ ಕೋಶ ಕ್ಯಾನ್ಸರಾಗಿ, ಅದರ ಸಂತಾನವೆಲ್ಲ ಒಂದೇ ಅಚ್ಚಿನ ಐಜಿಎಂ ಸುರಿಯತೊಡಗಿದ್ರೆ ರಕ್ತ ಮಂದವಾಗುತ್ತೆ. ಕಣ್ಣಿನ ನಾಳಗಳು ಉಬ್ಬಿ ದೃಷ್ಟಿಯೇ ಹೋಗಬಹುದು.

ನಾವು ಎಲೆಕ್ಟ್ರೋಫೊರೆಸಿಸ್ ಮಾಡಿದ್ವಿ. ಜೆಲ್ ಮೇಲೆ ಕರೆಂಟ್ ಹರಿಸಿ ಪ್ರೋಟೀನುಗಳನ್ನ ಬೇರ್ಪಡಿಸೋದು, ಅಷ್ಟೇ. ಆರೋಗ್ಯವಂತರಲ್ಲಿ ಪ್ರತಿಕಾಯಗಳು ನಾನಾ ಥರ, ಹಾಗಾಗಿ ಆ ಜಾಗ ಮಸುಕಾಗಿ ಹರಡಿರುತ್ತೆ. ಇಲ್ಲಿ ಪೆನ್ನಲ್ಲಿ ಎಳೆದಂಥ ಒಂದೇ ದಟ್ಟ ಗೆರೆ. ಅದು ಐಜಿಎಂ ಅಂತ ಇಮ್ಯುನೋಫಿಕ್ಸೇಶನ್‌ನಲ್ಲಿ ಆಮೇಲೆ ಖಚಿತವಾಯ್ತು. ಆದರೆ ಮೇಡಂ ಅಲ್ಲಿವರೆಗೆ ಕಾದಿರಲಿಲ್ಲ, ಟ್ಯೂಬ್ ನೋಡಿದ ಕೂಡ್ಲೇ ವಾರ್ಡಿಗೆ ಫೋನ್ ಮಾಡಿದ್ರು.

ಪ್ಲಾಸ್ಮಾ ಬದಲಾಯಿಸೋ ಚಿಕಿತ್ಸೆ ಆವತ್ತೇ ಶುರುವಾಯ್ತು. ಐಜಿಎಂ ದಢೂತಿ ಆಗಿರೋದು ಇಲ್ಲಿ ಅನುಕೂಲಕ್ಕೇ ಬಂತು, ಬಹುಪಾಲು ರಕ್ತನಾಳದ ಒಳಗೇ ಉಳಿಯೋದ್ರಿಂದ ಪ್ಲಾಸ್ಮಾ ತೆಗೆದರೆ ಬೇಗ ಇಳಿಯುತ್ತೆ. ಕ್ಯಾನ್ಸರ್ ಇದರಿಂದ ಹೋಗಲ್ಲ, ಅದಕ್ಕೆ ಔಷಧಿ ಬೇರೆ.

ಮೂರನೇ ದಿನ ಅದೇ ಹೆಸರಿನ ಇನ್ನೊಂದು ಟ್ಯೂಬ್ ಬಂತು. ಈ ಸಲ ಮೊದಲು ಚೀಟಿ ಓದಿದೆ. ಸೀರಂ ಪೈಪೆಟ್‌ನಲ್ಲಿ ಸರಾಗ ಏರಿತು.